ಮಲೆನಾಡಿನ ನೋಟ, ಮಲೆನಾಡಿನ ಊಟ



ಬೆಟ್ಟದ ನಾಡನ್ನು ನೋಡಬೇಕೆಂಬ ಆಸೆ ಯಾರಿಗಿಲ್ಲ? ರಾಯಚೂರು, ದೇವದುರ್ಗ, ಮಾನ್ವಿಯಂತಹ ಬಯಲುಸೀಮೆಯ ಊರುಗಳಲ್ಲಿ ಓದುತ್ತಿರುವ ನಿಮಗೆ ಆ ಆಸೆ ತುಸು ಹೆಚ್ಚಾಗಿಯೇ ಇದ್ದರೆ ಅಚ್ಚರಿಯಿಲ್ಲ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿ, ಮನೆಯ ಗೋಡೆಯೇ ಕಾದ ಹಂಚಿನಂತಾದಾಗ, ಹಸಿರು ಬೆಟ್ಟ, ಮಂಜು, ಜಲಪಾತಗಳ ಚಿತ್ರವನ್ನು ದೂರದರ್ಶನದಲ್ಲಿ ಕಂಡರೆ ಸಾಕು, ಮನಸ್ಸು ಅಲ್ಲಿಗೇ ಹಾರುತ್ತದೆ. ಕಾಶ್ಮೀರ, ನೇಪಾಳ, ಸ್ವಿಟ್ಜರ್ಲೆಂಡ್ ಎಂದು ಹೆಸರುಗಳನ್ನು ಎಣಿಸುತ್ತೇವೆ. ಆದರೆ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ ನಮ್ಮದೇ ಭಾಷೆ ಆಡುವ ಬೆಟ್ಟದ ನಾಡು ಒಂದಿದೆ. ಅದೇ ಮಲೆನಾಡು. ಅದರಲ್ಲಿಯೂ ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕುದುರೆಮುಖಗಳ ಸುತ್ತಿನ ಸೀಮೆಯ ಬಗ್ಗೆ ಇಲ್ಲಿ ತಿಳಿಯೋಣ. ಅಲ್ಲಿ ಏನನ್ನು ನೋಡಬೇಕು, ಏನನ್ನು ಉಣ್ಣಬೇಕು ಎನ್ನುವುದರ ಜೊತೆಗೆ, ಅವೆರಡೂ ಏಕೆ ಹಾಗಿವೆ ಎಂಬುದೂ ಗೊತ್ತಿದ್ದರೆ ಪ್ರವಾಸದ ಸೊಗಸು ಇಮ್ಮಡಿಯಾಗುತ್ತದೆ.

ನಿಮ್ಮೂರಿಗೂ ಬೆಟ್ಟಕ್ಕೂ ಏನು ಸಂಬಂಧ?

ರಾಯಚೂರು ಸೀಮೆಗೆ ಹಳೆಯ ಶಾಸನಗಳಲ್ಲಿ ‘ಎಡೆದೊರೆ ಎರಡು ಸಾವಿರ’ ಎಂಬ ಹೆಸರಿದೆ. ದೊರೆ ಎಂದರೆ ಇಲ್ಲಿ ಅರಸನಲ್ಲ, ತೊರೆ, ಅಂದರೆ ಹೊಳೆ. ಎರಡು ಹೊಳೆಗಳ ನಡುವಿನ ನಾಡು ಎಂದು ಅದರ ಅರ್ಥ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳೂ ನಮ್ಮ ಜಿಲ್ಲೆಯಲ್ಲಿ ಹುಟ್ಟಿದವಲ್ಲ. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ. ತುಂಗೆ ಮತ್ತು ಭದ್ರೆ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಇವೆಲ್ಲವೂ ಪಶ್ಚಿಮ ಘಟ್ಟದ ಬೆಟ್ಟಗಳು.

ದೇವದುರ್ಗದ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ಬರುವುದು ಕೃಷ್ಣೆಯ ನೀರು. ಮಾನ್ವಿಯ ಗದ್ದೆಗಳಿಗೆ ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಹೊಸಪೇಟೆಯ ಬಳಿಯ ಆ ಅಣೆಕಟ್ಟನ್ನು ಅಂದಿನ ಹೈದರಾಬಾದ್ ಮತ್ತು ಮದ್ರಾಸ್ ಸರಕಾರಗಳು ಜೊತೆಗೂಡಿ 1945ರಲ್ಲಿ ಆರಂಭಿಸಿದವು. 1953ರಲ್ಲಿ ಅದರಿಂದ ನೀರು ಹರಿಯಿತು. ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ನಿಮ್ಮ ತಟ್ಟೆಯ ಸೋನಾ ಮಸೂರಿ ಅನ್ನ ಮಾನ್ವಿಯ ಮಣ್ಣಿನಲ್ಲಿ ಬೆಳೆದದ್ದಿರಬಹುದು, ಆದರೆ ಅದು ಕುಡಿದದ್ದು ಬಹುಪಾಲು ಮಲೆನಾಡಿನ ಮಳೆಯನ್ನು. ಹಾಗಾಗಿ ಮಲೆನಾಡಿಗೆ ಹೊರಟ ನೀವು ಪರನಾಡಿಗೆ ಹೊರಟವರಲ್ಲ. ನಿಮ್ಮ ನೀರಿನ ತವರಿಗೆ ಹೊರಟವರು.

ಆಗುಂಬೆಯಲ್ಲೇಕೆ ಅಷ್ಟು ಮಳೆ?

ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಆಗುಂಬೆಯ ಎತ್ತರ ಸುಮಾರು 650 ಮೀಟರ್. ವ್ಯತ್ಯಾಸ 250 ಮೀಟರ್ ಮಾತ್ರ. ಆದರೆ ಮಳೆಯ ಲೆಕ್ಕ ನೋಡಿ. ರಾಯಚೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 600ರಿಂದ 700 ಮಿಲಿಮೀಟರ್. ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಹತ್ತು ಪಟ್ಟು!

ಕಾರಣ ಎತ್ತರವೊಂದೇ ಅಲ್ಲ, ಬೆಟ್ಟ ನಿಂತಿರುವ ಜಾಗ. ಅರಬ್ಬೀ ಸಮುದ್ರ ಆಗುಂಬೆಗೆ ಸುಮಾರು 50 ಕಿಲೋಮೀಟರ್ ಮಾತ್ರ. ಕರಾವಳಿಯ ತಗ್ಗು ನೆಲದಿಂದ ಘಟ್ಟವು ಗೋಡೆಯ ಹಾಗೆ ನೆಟ್ಟಗೆ ಎದ್ದಿದೆ. ಜೂನ್ ತಿಂಗಳಲ್ಲಿ ನೀರಾವಿ ಹೊತ್ತು ಬರುವ ನೈಋತ್ಯ ಮಾರುತ ಈ ಗೋಡೆಗೆ ಬಡಿದು ಮೇಲೇರಲೇಬೇಕು. ಮೇಲೇರಿದಂತೆ ಗಾಳಿ ತಂಪಾಗುತ್ತದೆ. ತಂಪಾದ ಗಾಳಿ ಅಷ್ಟೊಂದು ನೀರಾವಿಯನ್ನು ಹಿಡಿದಿಡಲಾರದು. ಅದು ಮೋಡವಾಗಿ, ಮಳೆಯಾಗಿ ಸುರಿಯುತ್ತದೆ. ನೆತ್ತಿ ದಾಟಿ ಪೂರ್ವಕ್ಕೆ ಇಳಿದ ಗಾಳಿಯಲ್ಲಿ ಉಳಿಯುವುದು ಸ್ವಲ್ಪವೇ ತೇವ. ಆಗುಂಬೆಯಿಂದ ಶಿವಮೊಗ್ಗ ನಗರಕ್ಕೆ ಬರುವಷ್ಟರಲ್ಲಿಯೇ ಮಳೆ 1,000 ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಇನ್ನೂ ಪೂರ್ವದ ನಮ್ಮ ಸೀಮೆ ‘ಮಳೆಯ ನೆರಳಿನ ಪ್ರದೇಶ’. ನೀವು ಭೂಗೋಳದ ಪುಸ್ತಕದಲ್ಲಿ ಓದುವ ಈ ಮಾತನ್ನು ಕಣ್ಣಾರೆ ನೋಡಲು ಈ ಪ್ರಯಾಣಕ್ಕಿಂತ ಒಳ್ಳೆಯ ಪಾಠವಿಲ್ಲ.

ಹೊಳೆಯ ಜೊತೆಗೆ ಮೇಲಕ್ಕೆ

ರಾಯಚೂರಿನಿಂದ ಮಾನ್ವಿ, ಸಿಂಧನೂರು, ಗಂಗಾವತಿ, ಹೊಸಪೇಟೆ, ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ: ಈ ದಾರಿ ಹಿಡಿದರೆ ನೀವು ಹೆಚ್ಚುಕಡಿಮೆ ತುಂಗಭದ್ರೆಯ ಜಾಡಿನಲ್ಲೇ ಮೇಲಕ್ಕೆ ಹೋಗುತ್ತೀರಿ. ಹೊಸಪೇಟೆಯಲ್ಲಿ ಜಲಾಶಯ. ಹರಿಹರದಲ್ಲಿ ಹೊಳೆಯ ದಂಡೆಗೆ 13ನೆಯ ಶತಮಾನದ ಹರಿಹರೇಶ್ವರ ದೇವಾಲಯ. ಶಿವಮೊಗ್ಗದ ಹತ್ತಿರ ಕೂಡ್ಲಿ. ತುಂಗೆ ಮತ್ತು ಭದ್ರೆ ಕೂಡುವ ಊರಾದ್ದರಿಂದ ಆ ಹೆಸರು. ಅಲ್ಲಿಂದ ಮುಂದೆ ತುಂಗೆಯೊಬ್ಬಳೇ ನಿಮ್ಮ ಜೊತೆಗಾತಿ.

ತೀರ್ಥಹಳ್ಳಿಯ ಬಳಿಯ ಕುಪ್ಪಳಿ ಕುವೆಂಪು ಅವರು ಬೆಳೆದ ಊರು. ಅವರ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಆಗುಂಬೆಯಲ್ಲಿ ಶಂಕರ್ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಕತೆಗಳನ್ನು ಆಧರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರಿಸಿದರು. 1980ರ ದಶಕದಲ್ಲಿ ದೂರದರ್ಶನದಲ್ಲಿ ಅದನ್ನು ಕಂಡ ನಿಮ್ಮ ತಂದೆತಾಯಿಗಳನ್ನು ಕೇಳಿದರೆ ಅವರಿಗೆ ನೆನಪಿದ್ದೀತು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಶೃಂಗೇರಿಯಲ್ಲಿ ತುಂಗೆಯ ದಡದ ವಿದ್ಯಾಶಂಕರ ದೇವಾಲಯ 14ನೆಯ ಶತಮಾನದ್ದು. ಅದರ 12 ಕಂಬಗಳು 12 ರಾಶಿಗಳನ್ನು ಸೂಚಿಸುತ್ತವೆ.

ಇನ್ನೂ ಮೇಲೆ ಗಂಗಾಮೂಲ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿದ್ದು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಕ್ಕೆ ಹೋಗುವಂತಿಲ್ಲ. ಪಶ್ಚಿಮಕ್ಕೆ ಹರಿದು ಮಂಗಳೂರಿನಲ್ಲಿ ಸಮುದ್ರ ಸೇರುವ ನೇತ್ರಾವತಿಯ ಮೂಲವೂ ಇಲ್ಲಿಯೇ ಎನ್ನುವುದು ವಾಡಿಕೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳಲ್ಲಿ ಒಂದು ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಮಾನ್ವಿಯ ಕಾಲುವೆಗೆ!

ತಟ್ಟೆಯಲ್ಲಿ ಕಾಣುವ ಮಳೆ

ಈಗ ಊಟಕ್ಕೆ ಬರೋಣ. ಯಾವ ನಾಡಿನ ಊಟವೂ ನಾಲಿಗೆಯ ಚಪಲದಿಂದ ಮಾತ್ರ ಹುಟ್ಟಿದ್ದಲ್ಲ. ಮೊದಲು ನಮ್ಮದನ್ನೇ ನೋಡಿ. ಎರೆಭೂಮಿ ಮಳೆಗಾಲದ ತೇವವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಆ ತೇವದಲ್ಲಿ ಹಿಂಗಾರಿ ಜೋಳ ಬೆಳೆಯುತ್ತದೆ. ಒಣ ಹವೆಯಲ್ಲಿ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ ಇದ್ದರೆ ಬುತ್ತಿ ಸಿದ್ಧ. ಅದೇ ಕಡಕ್ ರೊಟ್ಟಿಯನ್ನು ಜುಲೈ ತಿಂಗಳಲ್ಲಿ ಆಗುಂಬೆಗೆ ಒಯ್ದು ತೆರೆದಿಟ್ಟರೆ, ಬಹಳ ಹೊತ್ತು ಹೋಗುವ ಮೊದಲೇ ಮೆತ್ತಗಾಗುತ್ತದೆ. ಉಪ್ಪು ಕೂಡ ನೀರಾಗುವ ಊರು ಅದು.

ಅಲ್ಲಿ ಬೆಳೆಯುವುದು ಭತ್ತ. ಹಾಗಾಗಿ ಅಲ್ಲಿನ ಅಡುಗೆಯೆಲ್ಲ ಅಕ್ಕಿಯ ಸುತ್ತ. ಅಕ್ಕಿತರಿಯನ್ನು ನೀರಿನಲ್ಲಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದರೆ ಕಡುಬು. ಕಾಯಿಚಟ್ನಿಯ ಜೊತೆಗೂ ಸೈ, ಕೋಳಿಸಾರಿನ ಜೊತೆಗೂ ಸೈ. ಅಕ್ಕಿಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿ ನಾದಿ, ಹಂಚಿನ ಮೇಲೆ ಸುಟ್ಟು, ಕೆಂಡದ ಮೇಲಿಟ್ಟು ಉಬ್ಬಿಸಿದರೆ ಅಕ್ಕಿರೊಟ್ಟಿ. ನಿಮ್ಮ ಮನೆಯಲ್ಲಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ಜಿಗುಟು ಬರಿಸುವುದನ್ನು ನೋಡಿದ್ದೀರಲ್ಲ? ಕಾರಣ ಒಂದೇ. ಜೋಳದಲ್ಲಿಯೂ ಅಕ್ಕಿಯಲ್ಲಿಯೂ ಗೋಧಿಯಲ್ಲಿರುವ ಅಂಟು ಪದಾರ್ಥ ಇಲ್ಲ. ಬಿಸಿನೀರು ಪಿಷ್ಟವನ್ನು ಬೇಯಿಸಿ ಆ ಅಂಟನ್ನು ಕೊಡುತ್ತದೆ. ಎರಡು ಸೀಮೆಯ ತಾಯಂದಿರು ಒಂದೇ ಉಪಾಯವನ್ನು ಕಂಡುಕೊಂಡಿದ್ದಾರೆ.

ಮಳೆಗಾಲದಲ್ಲಿ ಹಿತ್ತಿಲಿನಲ್ಲಿ ತಾನಾಗಿ ಎದ್ದು ನಿಲ್ಲುವುದು ಕೆಸು. ಅದರ ಎಲೆಗೆ ಅಕ್ಕಿ, ಮೆಣಸಿನಕಾಯಿ, ಹುಣಸೆಹಣ್ಣು ರುಬ್ಬಿದ ಹಿಟ್ಟನ್ನು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿದ್ದೇ ಪತ್ರೊಡೆ. ಕೆಸುವಿನಲ್ಲಿ ಸೂಜಿಯಂತಹ ಸಣ್ಣ ಹರಳುಗಳಿದ್ದು ಅವು ಗಂಟಲನ್ನು ತುರಿಸುತ್ತವೆ. ಹುಳಿ ಸೇರಿಸಿ ಚೆನ್ನಾಗಿ ಬೇಯಿಸುವುದು ಆ ತುರಿಕೆಗೆ ಮದ್ದು. ಎಳೆಬಿದಿರಿನ ಮೊಳಕೆಯಾದ ಕಳಲೆಯದ್ದೂ ಇಂತಹುದೇ ಕತೆ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ವಿಷಾಂಶವಿದೆ. ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿದ ಮೇಲೆಯೇ ಅದು ಪಲ್ಯವಾಗುತ್ತದೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಅಡುಗೆಮನೆಯೇ ಕಂಡುಕೊಂಡ ರಸಾಯನಶಾಸ್ತ್ರ ಇದು.

ಬಿಸಿಲು ಸಿಗುವ ನಾಲ್ಕು ತಿಂಗಳಲ್ಲಿ ಮಳೆಗಾಲಕ್ಕೆ ಕೂಡಿಡಬೇಕು. ಬೇಸಗೆಯಲ್ಲಿ ಹಲಸಿನ ಹಪ್ಪಳ ಒಣಗುತ್ತದೆ. ಹೊಳೆದಂಡೆಯ ಕಾಡುಮಾವಿನ ಎಳೆಗಾಯಿ ಅಪ್ಪೆಮಿಡಿ ಉಪ್ಪಿನಲ್ಲಿ ಮುಳುಗಿ, ಸಾಸಿವೆ ಖಾರ ಬೆರೆತು, ವರ್ಷಗಟ್ಟಲೆ ಕೆಡದ ಉಪ್ಪಿನಕಾಯಿಯಾಗುತ್ತದೆ. ನಮಗೆ ಹುಳಿಗೆ ಪುಂಡಿಪಲ್ಯ ಇದ್ದರೆ, ಅವರಿಗೆ ವಾಟೆಹುಳಿ, ಮುರುಗಲು. ನಮ್ಮ ಮಂಡಾಳ ಒಗ್ಗರಣಿಯ ಜಾಗದಲ್ಲಿ ಅವರಿಗೆ ಮಳೆಯ ಸಂಜೆ ಹಪ್ಪಳ ಮತ್ತು ಬಿಸಿ ಕಷಾಯ. ಒಂದೆಲಗದಂತಹ ಸೊಪ್ಪನ್ನು ಕಾಯಿ, ಜೀರಿಗೆಯೊಡನೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ. ಹೆಸರೇ ಹೇಳುವಂತೆ ತಂಪಾದ ಹುಳಿ.

ಬೆಟ್ಟ ಕೆಟ್ಟರೆ

ಇಷ್ಟೆಲ್ಲ ಕೊಡುವ ಬೆಟ್ಟ ಗಟ್ಟಿಯಾಗಿ ಕಾಣುತ್ತದೆ, ಆದರೆ ಅಷ್ಟು ಗಟ್ಟಿಯಲ್ಲ. ಕುದುರೆಮುಖದ ನೆತ್ತಿಯಲ್ಲಿ ನೀವು ಕಾಣುವ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು ಮಳೆಯನ್ನು ಹೀರಿ, ಬೇಸಗೆಯವರೆಗೆ ಸ್ವಲ್ಪ ಸ್ವಲ್ಪವೇ ಹೊಳೆಗೆ ಬಿಡುತ್ತವೆ. ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ದಶಕಗಳ ಕಾಲ ನಡೆದು, ಮಳೆಗೆ ಕೊಚ್ಚಿದ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ಆದೇಶದ ಫಲವಾಗಿ 2005ರ ಕೊನೆಗೆ ಅದು ನಿಂತಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಆಗುಂಬೆಯ ಕಾಡೂ ಅದರಲ್ಲಿದ್ದವು.

ಇದರಿಂದ ನಮಗೇನು ಎಂದು ಕೇಳಬೇಡಿ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105 ಟಿ.ಎಂ.ಸಿ. ಮಾತ್ರ. ಆ ಹೂಳೆಲ್ಲ ಬೆಟ್ಟದ್ದೇ ಅಲ್ಲ. ಉತ್ತ ಹೊಲಗಳದ್ದು, ಅಗೆದ ಗಣಿಗಳದ್ದು, ಕಡಿದ ಕಾಡುಗಳದ್ದು ಎಲ್ಲವೂ ಸೇರಿದೆ. ಆದರೆ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕಾಲುವೆಯ ಕೊನೆಯಂಚಿನ ಗದ್ದೆ. ಮಾನ್ವಿ ಇರುವುದು ಆ ಕೊನೆಯಂಚಿನಲ್ಲಿಯೇ. ಮೇಲೆ ಒಂದು ಕಾಡು ಉಳಿಯಿತೇ ಇಲ್ಲವೇ ಎಂಬ ಪ್ರಶ್ನೆ ಕೊನೆಗೆ ನಿಮ್ಮ ಮನೆಯ ಅನ್ನದ ಪ್ರಶ್ನೆಯೂ ಹೌದು.

ಹೋಗುವ ಮುನ್ನ

ಮೊದಲ ಸಲ ಹೋಗುವವರಿಗೆ ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಹಸಿರು ಉಕ್ಕುತ್ತದೆ, ನಿಜ. ಆದರೆ ಜಾರುವ ಬಂಡೆ, ಇಂಬಳ, ಗುಡ್ಡ ಕುಸಿತ ಎಲ್ಲವೂ ಆಗಲೇ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ಆದ ಅನಾಹುತಗಳನ್ನು ನೆನಪಿಡಿ. ಜಲಪಾತದ ತುದಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಹುಚ್ಚು ಬೇಡ. ಕಾಡಿನಲ್ಲಿ ಅಣಬೆ, ಕಾಯಿ ಏನನ್ನೂ ಕಿತ್ತು ತಿನ್ನಬೇಡಿ. ಪ್ಲಾಸ್ಟಿಕ್ಕನ್ನು ಹೊಳೆಗೆ ಎಸೆಯಬೇಡಿ. ಹೊಳೆಗೆ ಎಸೆದದ್ದು ನಿಮ್ಮೂರಿನ ಕಡೆಗೇ ಹರಿಯುತ್ತದೆ.

ಊಟಕ್ಕೆ ಕುಳಿತಾಗ ನಮ್ಮೂರಿನಲ್ಲಿಯೂ ಸಿಗುವುದನ್ನೇ ಅಲ್ಲಿ ಕೇಳಬೇಡಿ. ‘ಇವತ್ತು ನಿಮ್ಮ ಮನೆಗೆ ಏನು ಅಡುಗೆ ಮಾಡಿದ್ದೀರಿ?’ ಎಂದು ಕೇಳಿ. ಜುಲೈಯಲ್ಲಿ ಕಳಲೆ, ಮೇ ತಿಂಗಳಲ್ಲಿ ಹಲಸು. ಕಾಲಕ್ಕೆ ತಕ್ಕದ್ದು ಸಿಗುತ್ತದೆ. ಅಪ್ಪೆಮಿಡಿ ಕೊಳ್ಳುವಾಗ ಕೊಂಬೆ ಕಡಿಯದೆ ಕೊಯ್ದದ್ದೇ ಎಂದು ವಿಚಾರಿಸಿ. ಮಿಡಿಗಾಗಿ ಕೊಂಬೆಗಳನ್ನೇ ಕಡಿದು, ಹೊಳೆದಂಡೆಯ ಎಷ್ಟೋ ಹಳೆಯ ಮರಗಳು ಹಾಳಾಗಿವೆ. ಹೋಗುವಾಗ ಒಂದು ಕಟ್ಟು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಒಯ್ಯಿರಿ. ಉಂಡ ಮನೆಯವರಿಗೆ ಕೊಟ್ಟು, ಅವರ ನೀರಿನಿಂದ ನಮ್ಮಲ್ಲಿ ಏನೇನು ಬೆಳೆಯುತ್ತದೆ ಎಂದು ಹೇಳಿರಿ. ಅವರಿಗೂ ಅದು ಹೊಸ ಸುದ್ದಿಯಾದೀತು.

ಚರ್ಚೆಗೆ ಮೂರು ಪ್ರಶ್ನೆಗಳು

1. ನಿಮ್ಮ ಮನೆಯ ಒಂದು ದಿನದ ಊಟದಲ್ಲಿ ಮಳೆಯ ನೀರಿನಿಂದ ಬೆಳೆದದ್ದು ಯಾವುದು, ಕಾಲುವೆಯ ನೀರಿನಿಂದ ಬೆಳೆದದ್ದು ಯಾವುದು? ಹಿರಿಯರನ್ನು ಕೇಳಿ ಪಟ್ಟಿ ಮಾಡಿ.

2. ಕಾಲುವೆ ಬರುವ ಮೊದಲು ನಿಮ್ಮೂರಿನಲ್ಲಿ ಹಬ್ಬದ ದಿನ ಏನು ಅಡುಗೆ ಮಾಡುತ್ತಿದ್ದರು? ಅನ್ನ ದಿನನಿತ್ಯದ ಊಟವಾದದ್ದು ಯಾವಾಗ?

3. ಬೆಟ್ಟದ ಕಾಡನ್ನು ಉಳಿಸುವ ಖರ್ಚಿನಲ್ಲಿ ಕೆಳಗಿನ ಬಯಲಿನವರ ಪಾಲೂ ಇರಬೇಕೇ? ಇರಬೇಕೆಂದರೆ ಅದು ಯಾವ ರೂಪದಲ್ಲಿರಬೇಕು?