ಸಾಂಗಲಿಯ ಹಜಾರೆ

ಬೆಳಗಾವಿ ಕಡೆಯ ಗಾಡಿ ಮಿರಜ ಜಂಕ್ಷನ್ನಿಗೆ ಬಂದು ನಿಂತಿತೆಂದರೆ ಪ್ಲಾಟ್‌ಫಾರಂ ತುಂಬ ಕನ್ನಡ. ಒಬ್ಬರ ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಬ್ಬರ ಬಗಲಲ್ಲಿ ರೊಟ್ಟಿಗಂಟು. ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ಗಡಿಸೀಮೆಯ ಜನಕ್ಕೆ ಮಿರಜ ಎಂದರೆ ದವಾಖಾನೆಯ ಊರು. ತಂಬೂರಿ ಮಾಡುವವರ ಓಣಿಯಲ್ಲಿ ಒಣಗಿದ ಸೋರೆಬುರುಡೆಗಳ ಸಾಲು. ಅಲ್ಲಿಂದ ಸಾಂಗಲಿಯ ದಾರಿ ಹಿಡಿದರೆ ನಡುವೆ ಕನ್ನಡದ ಸಾಹಿತಿಗಳಾದ ಗೋಕಾಕ, ಮುಗಳಿಯವರು ಪಾಠ ಹೇಳಿದ ವಿಲಿಂಗ್ಡನ್ ಕಾಲೇಜು. ಆಮೇಲೆ ಅರಿಸಿನ ಪೇಟೆಯ ಘಾಟು, ಕೃಷ್ಣೆಯ ದಂಡೆ, ಪಟವರ್ಧನರ ಗಣಪತಿ ಗುಡಿ.

ಪಟವರ್ಧನರ ಸಂಸ್ಥಾನವಾಗಿದ್ದ ಈ ಸಾಂಗಲಿಯಲ್ಲಿ 1915ರ ಮಾರ್ಚ್ 11ರಂದು ವಿಜಯ್ ಸ್ಯಾಮುವೆಲ್ ಹಜಾರೆ ಹುಟ್ಟಿದರು. ಮನೆಮಾತು ಮರಾಠಿ, ಪ್ರೊಟೆಸ್ಟಂಟ್ ಕ್ರೈಸ್ತ ಕುಟುಂಬ, ಶಾಲಾ ಮಾಸ್ತರರ ಎಂಟು ಮಕ್ಕಳಲ್ಲಿ ಒಬ್ಬರು. ಆಸ್ಟ್ರೇಲಿಯಾದ ಹೆಸರಾಂತ ಸ್ಪಿನ್ನರ್ ಕ್ಲಾರಿ ಗ್ರಿಮೆಟ್ ಅವರ ಕೈಯಲ್ಲಿ ಪಳಗುವ ಭಾಗ್ಯ ಈ ಹುಡುಗನಿಗೆ ದೊರೆಯಿತು. ಬ್ಯಾಟನ್ನು ಎರಡು ಪ್ಯಾಡುಗಳ ನಡುವೆ ಇಟ್ಟುಕೊಂಡು ನಿಲ್ಲುವ ಭಂಗಿ ನೋಡಲು ಚೆಂದವಿರಲಿಲ್ಲ. ಆದರೆ ಹಾಗೆ ನಿಂತವರನ್ನು ಕದಲಿಸುವುದು ಕಷ್ಟವಿತ್ತು.

ಆಗ ಮುಂಬಯಿಯ ಪಂಚಕೋನ ಪಂದ್ಯಾವಳಿಯಲ್ಲಿ ತಂಡಗಳು ಧರ್ಮದ ಲೆಕ್ಕದಲ್ಲಿ ಆಗುತ್ತಿದ್ದವು. ಕ್ರೈಸ್ತರಾದ ಹಜಾರೆ 'ಇತರರು' ತಂಡದ ಪಾಲು. 1943ರ ಡಿಸೆಂಬರಿನಲ್ಲಿ ಬ್ರೆಬೋರ್ನ್ ಮೈದಾನದಲ್ಲಿ ಹಿಂದೂ ತಂಡದ ವಿಜಯ್ ಮರ್ಚೆಂಟ್ ಔಟಾಗದೆ 250 ಹೊಡೆದರು. ಇತರರು ಫಾಲೋಆನ್ ಪಡೆದು ಮತ್ತೆ ಬ್ಯಾಟು ಹಿಡಿಯಬೇಕಾಯಿತು. ಎರಡನೆಯ ಇನಿಂಗ್ಸಿನಲ್ಲಿ ತಂಡ ಗಳಿಸಿದ್ದು 387. ಅದರಲ್ಲಿ ಹಜಾರೆ ಒಬ್ಬರದೇ 309. ಒಂದು ತುದಿಯಲ್ಲಿ ತಮ್ಮ ವಿವೇಕ್ ಕಚ್ಚಿಕೊಂಡು ನಿಂತ. 300 ರನ್ನುಗಳ ಆ ಜೊತೆಯಾಟದಲ್ಲಿ ತಮ್ಮನ ಪಾಲು 21. ಪಂದ್ಯ ಸೋತರು. ನನಗಂತೂ ಆ 309ಕ್ಕಿಂತ ತಮ್ಮನ 21ರ ಮೇಲೆಯೇ ಹೆಚ್ಚು ಪ್ರೀತಿ.

ಸೋಲುವ ಪಂದ್ಯದಲ್ಲಿ ಒಬ್ಬರೇ ನಿಲ್ಲುವುದು ಅವರ ಹಣೆಬರಹವೇ ಆಗಿತ್ತು. 1948ರ ಜನವರಿ, ಅಡಿಲೇಡ್. ಎದುರಾಳಿ ಆಸ್ಟ್ರೇಲಿಯಾದ ಮೊತ್ತ 674. ಬ್ರಾಡ್ಮನ್ 201 ಹೊಡೆದ ಮೇಲೆ ಅವರ ವಿಕೆಟ್ ಉರುಳಿಸಿದ್ದು ಹಜಾರೆಯವರೇ. ಬಳಿಕ ಬ್ಯಾಟು ಹಿಡಿದು ಮೊದಲು 116, ಮತ್ತೆ 145. ಎರಡನೆಯ ಸಲ ಲಿಂಡ್ವಾಲ್ ಬೆಂಕಿಯಂತೆ ಎರಗಿದಾಗ ಆರು ಮಂದಿ ಸೊನ್ನೆಗೆ ಹೋದರು. ಇವರು ಮಾತ್ರ ನಿಂತೇ ಇದ್ದರು. ಒಂದೇ ಟೆಸ್ಟಿನ ಎರಡೂ ಇನಿಂಗ್ಸಿನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯರು ಅವರು.

1952ರ ಫೆಬ್ರುವರಿಯಲ್ಲಿ ಮದರಾಸಿನಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಗೆದ್ದಾಗ ನಾಯಕರು ಇವರೇ. ವಿನೂ ಮಂಕಡ್ 12 ವಿಕೆಟ್ ಕಿತ್ತ ಆ ಪಂದ್ಯದ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ನಾಲ್ಕೇ ತಿಂಗಳಲ್ಲಿ ಲೀಡ್ಸಿನಲ್ಲಿ ಸೊನ್ನೆ ರನ್ನಿಗೆ ನಾಲ್ಕು ವಿಕೆಟ್! ಮೊದಲ ಟೆಸ್ಟ್ ಆಡುತ್ತಿದ್ದ ಫ್ರೆಡ್ ಟ್ರೂಮನ್ ಹ್ಯಾಟ್ರಿಕ್ ಹೊಸ್ತಿಲಲ್ಲಿದ್ದ. ಆಗ ಅಂಗಳಕ್ಕಿಳಿದ ಹಜಾರೆ ಆ ಚೆಂಡನ್ನು ತಡೆದರು, ಫಡ್ಕರ್ ಜೊತೆ ನಿಂತು 56 ಗಳಿಸಿದರು. ನಾಯಕತ್ವದ ಭಾರ ಈ ಮೆತ್ತನೆಯ ಮನುಷ್ಯನ ಹೆಗಲಿಗೆ ಬೀಳದಿದ್ದರೆ ರನ್ನುಗಳ ರಾಶಿ ಇನ್ನೂ ದೊಡ್ಡದಿರುತ್ತಿತ್ತು ಎಂದೇ ನನ್ನ ನಂಬಿಕೆ. 30 ಟೆಸ್ಟ್, 2192 ರನ್, 7 ಶತಕ. 1953ರಲ್ಲಿ ಟೆಸ್ಟ್ ಬದುಕು ಮುಗಿಯಿತು.

ಹೊಟ್ಟೆಪಾಡಿಗೂ ಆಟವೇ ಆಧಾರ. ಬರೋಡಾ ಸಂಸ್ಥಾನದ ಆಶ್ರಯ ಸಿಕ್ಕಿತು. 1949ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಲೀಗಿನಲ್ಲಿ ರಾಟನ್‌ಸ್ಟಾಲ್ ಕ್ಲಬ್ಬಿಗೆ ವೃತ್ತಿಪರ ಆಟಗಾರರಾಗಿ ಆಡಿದರು. ಬರೋಡಾದ ಪರ 1947ರ ರಣಜಿ ಫೈನಲಿನಲ್ಲಿ ಗುಲ್ ಮೊಹಮ್ಮದ್ ಜೊತೆ ಸೇರಿಸಿದ 577 ರನ್ನುಗಳ ದಾಖಲೆಯನ್ನು 2006ರವರೆಗೆ ಯಾರೂ ಮುರಿಯಲಿಲ್ಲ. ಗುಲ್ ಮುಂದೆ ಪಾಕಿಸ್ತಾನದ ಟೆಸ್ಟ್ ಆಟಗಾರರಾದರು. ಹಜಾರೆ ಬರೋಡಾದಲ್ಲೇ ಬೇರೂರಿ, ಐವತ್ತು ದಾಟಿದ ಮೇಲೂ ಬ್ಯಾಟು ಕೆಳಗಿಡಲಿಲ್ಲ. 1960ರಲ್ಲಿ ಪದ್ಮಶ್ರೀ ಬಂತು, ರಾಷ್ಟ್ರೀಯ ಆಯ್ಕೆಗಾರರೂ ಆದರು. 2004ರ ಡಿಸೆಂಬರ್ 18ರಂದು ಆ ಊರಿನಲ್ಲೇ ಕಣ್ಣುಮುಚ್ಚಿದರು. ಆಗ ಅವರಿಗೆ 89 ವರ್ಷ.

ಏಕದಿನ ಕ್ರಿಕೆಟ್ಟಿನ ದೇಶೀಯ ಟ್ರೋಫಿಗೆ ಇವರದೇ ಹೆಸರು. ನಮ್ಮ ಹುಡುಗರ ಬಾಯಲ್ಲಿ ಆ ಹೆಸರು ದಿನವೂ ಬರುತ್ತದೆ. ಮನುಷ್ಯ ಯಾರು, ಗಡಿಯಾಚೆಗಿನ ಯಾವ ಊರಿನವರು ಎಂದು ಹೇಳಬಲ್ಲವರು ಕಡಿಮೆ. ಆ ಟ್ರೋಫಿಯನ್ನು ಕರ್ನಾಟಕ ಐದನೆಯ ಸಲ ಗೆದ್ದದ್ದು 2025ರ ಜನವರಿ 18ರಂದು, ಹಜಾರೆ ಬಾಳಿದ ಬರೋಡಾದಲ್ಲೇ, ಅಂದರೆ ಇಂದಿನ ವಡೋದರದಲ್ಲಿ.