ಹೋಟೆಲ್ ಮ್ಯಾನೇಜ್‌ಮೆಂಟ್ ರಾಷ್ಟ್ರೀಯ ಪ್ರವೇಶ ಪರೀಕ್ಷೆ

ಹೋಟೆಲ್ ಮ್ಯಾನೇಜ್‌ಮೆಂಟ್ ರಾಷ್ಟ್ರೀಯ ಪ್ರವೇಶ ಪರೀಕ್ಷೆಯು ಆತಿಥ್ಯ ಮತ್ತು ಹೋಟೆಲ್ ಆಡಳಿತದ ಬಿ.ಎಸ್‌ಸಿ. ಪದವಿಗೆ ವಿದ್ಯಾರ್ಥಿಗಳನ್ನು ಆಯ್ಕೆ ಮಾಡುವ ಅಖಿಲ ಭಾರತ ಮಟ್ಟದ ಪರೀಕ್ಷೆಯಾಗಿದೆ. ಇದರ ಸಂಕ್ಷಿಪ್ತ ಹೆಸರು ಎನ್‌ಸಿಎಚ್‌ಎಂ ಜೆಇಇ. ಇದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 1982ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮತ್ತು ಕೇಟರಿಂಗ್ ತಂತ್ರಜ್ಞಾನ ಮಂಡಳಿಗೆ ಸೇರಿದ್ದು. ಮೊದಲು ಮಂಡಳಿಯೇ ಪರೀಕ್ಷೆ ನಡೆಸುತ್ತಿತ್ತು. 2019ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ಇದನ್ನು ಗಣಕಯಂತ್ರದ ಮೂಲಕ ನಡೆಸುತ್ತಿದೆ.

ಅರ್ಹತೆ

ದ್ವಿತೀಯ ಪಿಯುಸಿ ಅಥವಾ ತತ್ಸಮಾನ ತರಗತಿಯಲ್ಲಿ ಇಂಗ್ಲಿಷ್ ಅನ್ನು ಒಂದು ವಿಷಯವಾಗಿ ಓದಿ ತೇರ್ಗಡೆಯಾಗಿರಬೇಕು. ವಿಜ್ಞಾನ ವಿಭಾಗವೇ ಆಗಬೇಕೆಂಬ ನಿಬಂಧನೆಯಿಲ್ಲ. ಕಲಾ ಮತ್ತು ವಾಣಿಜ್ಯ ವಿದ್ಯಾರ್ಥಿಗಳೂ ಅರ್ಹರು. ಅಂತಿಮ ವರ್ಷದ ಫಲಿತಾಂಶಕ್ಕೆ ಕಾಯುತ್ತಿರುವವರೂ ಅರ್ಜಿ ಸಲ್ಲಿಸಬಹುದು.

ಪ್ರಶ್ನೆಪತ್ರಿಕೆ

2023ರ ಪರೀಕ್ಷೆಯಲ್ಲಿ ಮೂರು ಗಂಟೆಗಳ ಅವಧಿಗೆ 200 ಪ್ರಶ್ನೆಗಳಿದ್ದವು. ಇಂಗ್ಲಿಷ್‌ಗೆ 60, ಸೇವಾಕ್ಷೇತ್ರದ ಅಭಿರುಚಿಗೆ 50, ಸಂಖ್ಯಾ ಸಾಮರ್ಥ್ಯ, ತಾರ್ಕಿಕ ಚಿಂತನೆ ಮತ್ತು ಸಾಮಾನ್ಯ ಜ್ಞಾನಕ್ಕೆ ತಲಾ 30 ಪ್ರಶ್ನೆಗಳು ಮೀಸಲಾಗಿದ್ದವು. ಸರಿಯುತ್ತರಕ್ಕೆ 4 ಅಂಕ ದೊರೆಯುತ್ತಿತ್ತು; ತಪ್ಪುತ್ತರಕ್ಕೆ 1 ಅಂಕ ಕಳೆಯಲಾಗುತ್ತಿತ್ತು. ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಪ್ರತ್ಯೇಕ ವಿಭಾಗವಿರಲಿಲ್ಲ. ವಿನ್ಯಾಸವು ಬದಲಾಗುವುದುಂಟಾದ್ದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ನೋಡುವುದು ಅಗತ್ಯ.

ಭಾಷೆ

ಪ್ರಶ್ನೆಪತ್ರಿಕೆಯು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ವೈದ್ಯಕೀಯ ಪ್ರವೇಶದ ನೀಟ್ 2017ರಿಂದಲೂ, ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ 2021ರಿಂದಲೂ ಕನ್ನಡದಲ್ಲಿ ಲಭ್ಯವಾಗಿದ್ದರೂ ಈ ಪರೀಕ್ಷೆಗೆ ಆ ಅನುಕೂಲವಿಲ್ಲ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಕಲಾ ವಿದ್ಯಾರ್ಥಿಗೆ ಅರ್ಹತೆಯ ಬಾಗಿಲು ತೆರೆದೇ ಇದ್ದರೂ, ಲೆಕ್ಕ ಮತ್ತು ತರ್ಕದ ಪ್ರಶ್ನೆಗಳನ್ನೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಓದಿಯೇ ಬಿಡಿಸಬೇಕಾಗುತ್ತದೆ. ಆದ್ದರಿಂದ ಇಂಗ್ಲಿಷ್ ವಾಚನ ಮತ್ತು ಶಬ್ದಸಂಪತ್ತಿನ ಅಭ್ಯಾಸವನ್ನು ಪ್ರಥಮ ಪಿಯುಸಿಯಿಂದಲೇ ಆರಂಭಿಸುವುದು ಸಹಾಯಕ.

ಪ್ರವೇಶ ಮತ್ತು ವ್ಯಾಸಂಗ

ಅಖಿಲ ಭಾರತ ರ‍್ಯಾಂಕ್ ಆಧರಿಸಿ ಕೇಂದ್ರೀಕೃತ ಕೌನ್ಸೆಲಿಂಗ್ ಮೂಲಕ ಸೀಟು ಹಂಚಲಾಗುತ್ತದೆ. ಕೇಂದ್ರ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಇತರೆ ಹಿಂದುಳಿದ ವರ್ಗಕ್ಕೆ ಶೇ. 27, ಆರ್ಥಿಕವಾಗಿ ದುರ್ಬಲರಿಗೆ ಶೇ. 10 ಮೀಸಲಾತಿಯಿದೆ. ಮೂರು ವರ್ಷಗಳ ವ್ಯಾಸಂಗದಲ್ಲಿ ಆಹಾರ ತಯಾರಿಕೆ, ಆಹಾರ ಮತ್ತು ಪಾನೀಯ ಸೇವೆ, ಮುಂಗಚೇರಿ, ಕೊಠಡಿ ನಿರ್ವಹಣೆ ಮುಖ್ಯ ವಿಷಯಗಳು. ಹೋಟೆಲುಗಳಲ್ಲಿ ಪ್ರಾಯೋಗಿಕ ತರಬೇತಿಯೂ ಕಡ್ಡಾಯ. ಕರ್ನಾಟಕದಲ್ಲಿರುವ ಕೇಂದ್ರ ಸಂಸ್ಥೆಯು ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿದೆ. ಬೆಂಗಳೂರು–ಅರಸೀಕೆರೆ ರೈಲು ಮಾರ್ಗದಲ್ಲಿರುವ ತಿಪಟೂರಿನವರಿಗೆ ಇದೇ ಸಮೀಪದ್ದು.