ಗೋಡೆಯ ಮೇಲಣ ದೀಪ

ಕತ್ತಲೆಯನ್ನು ಕಳೆಯಲು ಮಾನವನು ದೀಪವನ್ನು ಕಂಡುಕೊಂಡನು. ಆದರೆ ದೀಪವನ್ನು ಹೊತ್ತಿಸಿದೊಡನೆ ಅವನ ಮುಂದೆ ಮತ್ತೊಂದು ಪ್ರಶ್ನೆ ಎದ್ದಿತು: ಅದನ್ನು ಎಲ್ಲಿ ಇಡಬೇಕು? ನೆಲದ ಮೇಲಿಟ್ಟರೆ ಕಾಲಿಗೆ ತಾಕುತ್ತದೆ. ಮಕ್ಕಳ ಕೈಗೆ ಎಟಕುತ್ತದೆ. ಓಡಾಡುವವರ ನೆರಳು ಕೋಣೆಯನ್ನೆಲ್ಲ ತುಂಬುತ್ತದೆ. ಈ ಪ್ರಶ್ನೆಗೆ ಹಲವು ನಾಡುಗಳ ಜನರು ಕಂಡುಕೊಂಡ ಉತ್ತರವು ಒಂದೇ ಆಗಿದೆ. ಅದೇ ಗೋಡೆ.

ನಮ್ಮ ನಾಡಿನ ಹಳೆಯ ಮನೆಗಳ ದಪ್ಪನೆಯ ಮಣ್ಣುಗೋಡೆಗಳಲ್ಲಿ ದೀಪಕ್ಕಾಗಿ ಗೂಡುಗಳನ್ನು ಬಿಡುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಇದನ್ನು ಮಾಡ ಎನ್ನುತ್ತಾರೆ. ಮೂರು ಕಡೆಯೂ ಮರೆಯಿರುವುದರಿಂದ ಗೂಡಿನೊಳಗಿನ ಹಣತೆಯು ಗಾಳಿಗೆ ಸುಲಭವಾಗಿ ಆರುವುದಿಲ್ಲ. ಸುಣ್ಣ ಬಳಿದ ಅದರ ಒಳಮೈ ಬೆಳಕನ್ನು ಮುಂದಕ್ಕೆ ಚೆಲ್ಲುತ್ತದೆ. ಮಣ್ಣು ಉರಿಯುವ ವಸ್ತುವಲ್ಲವಾದ್ದರಿಂದ ಬೆಂಕಿಯ ಭಯವೂ ಕಡಿಮೆ.

ಯುರೋಪಿನ ಮನೆಗಳಲ್ಲಿ ಮೇಣದಬತ್ತಿಯ ಬಳಕೆ ಹೆಚ್ಚಾಗಿತ್ತು. ಬಡವರು ಪ್ರಾಣಿಗಳ ಕೊಬ್ಬಿನಿಂದ ಮಾಡಿದ ಬತ್ತಿಯನ್ನು ಉರಿಸಿದರೆ, ಅರಮನೆಗಳಲ್ಲಿಯೂ ಚರ್ಚುಗಳಲ್ಲಿಯೂ ಜೇನುಮೇಣದ ಬತ್ತಿಗಳು ಬೆಳಗುತ್ತಿದ್ದವು. ಅವನ್ನು ನಿಲ್ಲಿಸಲು ಗೋಡೆಯ ದೀಪಾಧಾರಗಳನ್ನು ಮಾಡಿದರು. ಇದರಲ್ಲಿ ಮುಖ್ಯವಾದ ಭಾಗಗಳು ಮೂರು: ಗೋಡೆಗೆ ಒರಗುವ ಲೋಹದ ಫಲಕ, ಮುಂದಕ್ಕೆ ಚಾಚಿದ ತೋಳು, ಬತ್ತಿಯ ಬುಡದಲ್ಲಿರುವ ಪುಟ್ಟ ತಟ್ಟೆ.

ಈ ಒಂದೊಂದು ಭಾಗಕ್ಕೂ ಕಾರಣವಿದೆ. ಅದನ್ನು ತಿಳಿಯಬೇಕಾದರೆ ಬತ್ತಿಯು ಉರಿಯುವ ಬಗೆಯನ್ನು ಅರಿಯಬೇಕು. ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿಯು 1860-61ರ ಕ್ರಿಸ್‌ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಈ ಒಂದೇ ವಿಷಯದ ಮೇಲೆ ಆರು ಉಪನ್ಯಾಸಗಳನ್ನು ಕೊಟ್ಟನು. ಜ್ವಾಲೆಯ ಶಾಖಕ್ಕೆ ಮೇಣವು ಕರಗುತ್ತದೆ. ಕರಗಿದ ಮೇಣವು ನೂಲಿನ ಎಳೆಗಳ ಮೂಲಕ ಮೇಲೇರಿ ಆವಿಯಾಗುತ್ತದೆ. ಆ ಆವಿಯೇ ಉರಿಯುತ್ತದೆ. ಬಿಸಿಯಾದ ಅನಿಲಗಳು ಹಗುರವಾಗಿ ಮೇಲಕ್ಕೇರುವುದರಿಂದ ಜ್ವಾಲೆಯ ಪಕ್ಕಕ್ಕಿಂತ ನೆತ್ತಿಯ ಮೇಲೆ ಶಾಖವು ಬಹಳ ಹೆಚ್ಚು. ಪೂರ್ಣವಾಗಿ ಉರಿಯದ ಇಂಗಾಲದ ಕಣಗಳೇ ಮಸಿ.

ಆದುದರಿಂದಲೇ ತೋಳು ಜ್ವಾಲೆಯನ್ನು ಗೋಡೆಯಿಂದ ದೂರದಲ್ಲಿ ಹಿಡಿಯುತ್ತದೆ. ತಟ್ಟೆಯು ತೊಟ್ಟಿಕ್ಕುವ ಮೇಣವನ್ನು ತಡೆಯುತ್ತದೆ. ಫಲಕವು ಗೋಡೆಯನ್ನು ಮಸಿಯಿಂದ ಕಾಪಾಡುವುದಲ್ಲದೆ, ಉಜ್ಜಿ ಹೊಳಪಿಸಿದ್ದರೆ, ಹಿಂದಕ್ಕೆ ಹೋಗಿ ವ್ಯರ್ಥವಾಗುವ ಬೆಳಕನ್ನು ಕೋಣೆಗೆ ಮರಳಿಸುತ್ತದೆ. 1684ರಲ್ಲಿ ಮುಗಿದ ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ 357 ಕನ್ನಡಿಗಳು ಮೇಣದಬತ್ತಿಗಳ ಬೆಳಕನ್ನು ಹೀಗೆಯೇ ಇಮ್ಮಡಿಸುತ್ತಿದ್ದವು. ಸೀಮೆಎಣ್ಣೆಯ ಗೋಡೆದೀಪದ ಹಿಂದಿನ ತಗಡಿನ ಕೆಲಸವೂ ಇದೇ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಪರೀಕ್ಷೆಯ ಹಿಂದಿನ ರಾತ್ರಿ ವಿದ್ಯುತ್ತು ನಿಂತಿತು. ಮೇಣದಬತ್ತಿಯನ್ನು ಮರದ ಪೆಟ್ಟಿಗೆಯ ಅಂಚಿಗೆ ಅಂಟಿಸಿಕೊಂಡು ಓದುತ್ತಿದ್ದವನಿಗೆ ತೂಕಡಿಕೆ ಬಂದಿತು. ಎಚ್ಚರವಾದಾಗ ಮೇಲೆ ಹಗ್ಗದಲ್ಲಿ ಒಣಹಾಕಿದ್ದ ಸೀರೆಯು ಉರಿಯುತ್ತಿತ್ತು. ತಾಯಿಯವರು ಓಡಿಬಂದು ಒದ್ದೆಯ ಗೋಣಿಯಿಂದ ಬಡಿದು ಆರಿಸಿದರು. ಅವರ ಅಂಗೈ ಸುಟ್ಟಿತು. ಆ ಕಲೆ ಕೊನೆಯವರೆಗೂ ಮಾಯಲಿಲ್ಲ. ಮರುದಿನ ತಂದೆಯವರು ತಗಡಿನ ಡಬ್ಬಿಯೊಂದನ್ನು ಕತ್ತರಿಸಿ, ಹಿಂಬದಿಯನ್ನು ಎತ್ತರವಾಗಿ ಬಿಟ್ಟು, ಗೋಡೆಗೆ ಮೊಳೆ ಹೊಡೆದು ಕೂರಿಸಿದರು. ನನ್ನ ಮುಂದಿನ ಓದೆಲ್ಲ ಅದರ ಬೆಳಕಿನಲ್ಲಿ ಸಾಗಿತು.

ಗೋಡೆಗೆ ದೀಪಾಧಾರವನ್ನು ಹಾಕುವವರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಅದು ಭದ್ರವಾಗಿರಬೇಕು, ಮಕ್ಕಳ ಕೈಗೆ ಎಟಕಬಾರದು. ಸುತ್ತಲೂ ಒಂದು ಅಡಿಯೊಳಗೆ ಪರದೆ, ಕಾಗದ, ಪಂಚಾಂಗ ಯಾವುದೂ ಇರಬಾರದು. ಮೇಲ್ಗಡೆ ಇನ್ನೂ ಹೆಚ್ಚಿನ ತೆರಪು ಬೇಕು. ಗಾಳಿ ಬೀಸುವ ಕಿಟಕಿಯ ಪಕ್ಕ ಸಲ್ಲದು. ಓದುವವರು ದೀಪದ ಹತ್ತಿರವೇ ಕುಳಿತುಕೊಳ್ಳಬೇಕು; ಏಕೆಂದರೆ ದೂರವು ಎರಡರಷ್ಟಾದರೆ ಪುಟದ ಮೇಲೆ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮಲಗುವ ಮುನ್ನ ದೀಪವನ್ನು ತಪ್ಪದೆ ಆರಿಸಬೇಕು.

ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು ಗುಂಡಿಯೊತ್ತಿದರೆ ಬೆಳಕು ಬರುತ್ತದೆ. ಆದರೂ ವಿದ್ಯುತ್ತು ನಿಂತಾಗ ನಮ್ಮ ಕೈ ಮೇಣದಬತ್ತಿಯನ್ನೇ ಹುಡುಕುವುದುಂಟು. ದೀಪವನ್ನು ಹೊತ್ತಿಸಲು ಒಂದು ಕಡ್ಡಿ ಸಾಕು. ಅದನ್ನು ತಕ್ಕ ಎಡೆಯಲ್ಲಿ ಇಡಲು ವಿವೇಕ ಬೇಕು.